ತಕ್ಕಡಿಯ ಜೊತೆ ಟೇಪೂ ಇರಲಿ

ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಆರೋಗ್ಯ ಶಿಬಿರಗಳಲ್ಲಿ ಚೀಟಿಯ ಮೇಲೆ ಬಿಎಂಐ ಬರೆದುಕೊಟ್ಟು ಕಳಿಸಿದರೆ ಸಾಲದು, ಸೊಂಟವನ್ನೂ ಅಳೆಯಬೇಕು ಎಂದು ನಾನು ಬರೆದದ್ದಕ್ಕೆ ಎರಡೂ ಕಡೆಯಿಂದ ಪೆಟ್ಟು ಬಿದ್ದಿದೆ. ಬಿಎಂಐ ಇದ್ದಮೇಲೆ ಟೇಪು ಯಾಕೆ ಎನ್ನುವವರು ಕೆಲವರು. ಬಿಎಂಐಯೇ ಬೊಗಳೆ ಎನ್ನುವವರು ಮತ್ತೆ ಕೆಲವರು.

'ಲೆಕ್ಕ ಲೆಕ್ಕವೇ, ಅದು ಸುಳ್ಳು ಹೇಳುತ್ತದೆಯೇ?' ಎಂಬುದು ಮೊದಲ ಆಕ್ಷೇಪ. ಸುಳ್ಳು ಹೇಳುವುದಿಲ್ಲ, ಆದರೆ ಅದಕ್ಕೆ ಕಾಣುವುದೇ ಕಡಿಮೆ. ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಮುಗಿಯಿತು. ಆ ತೂಕದಲ್ಲಿ ಮಾಂಸಖಂಡವೆಷ್ಟು, ಕೊಬ್ಬೆಷ್ಟು ಎಂಬುದು ಅದಕ್ಕೆ ಗೊತ್ತಾಗದು. ಚಳ್ಳಕೆರೆ ಮಂಡಿಯಲ್ಲಿ ಶೇಂಗಾ ಮೂಟೆ ಹೊರುವ ಹಮಾಲಿಯೊಬ್ಬ 170 ಸೆಂ.ಮೀ. ಎತ್ತರ, 75 ಕಿಲೋ ಎನ್ನಿ. ಬಿಎಂಐ 26. ಭಾರತೀಯರಿಗೆ 25ರಿಂದಾಚೆ ಬೊಜ್ಜು ಎಂದು 2009ರಲ್ಲಿ ನಮ್ಮ ತಜ್ಞರು ಹಾಕಿದ ಗೆರೆಯ ಪ್ರಕಾರ ಅವನು ಬೊಜ್ಜಿನವನು! ಮೊಳಕಾಲ್ಮುರಿನಲ್ಲಿ ಗುಂಡಿಯೊಳಗೆ ಕಾಲಿಳಿಬಿಟ್ಟು ಬೆಳಗಿನಿಂದ ಸಂಜೆವರೆಗೆ ರೇಷ್ಮೆ ಸೀರೆ ನೇಯುವವರೊಬ್ಬರು 165 ಸೆಂ.ಮೀ., 58 ಕಿಲೋ. ಬಿಎಂಐ 21.3, 'ನಾರ್ಮಲ್'. ಕೈಕಾಲು ಆಡುತ್ತವೆ ನಿಜ, ನಡು ಕೂತಲ್ಲೇ ಕೂತಿರುತ್ತದೆ. ಅವರ ಸೊಂಟ 94 ಸೆಂ.ಮೀ. ಇದ್ದರೆ ಚೀಟಿಯಲ್ಲಿ ಅದಕ್ಕೆ ಜಾಗವೇ ಇಲ್ಲ.

ಈ ಸೂತ್ರ ಹಾಕಿಕೊಟ್ಟ ಬೆಲ್ಜಿಯಂನ ಕ್ವೆಟ್ಲೆ ವೈದ್ಯನಲ್ಲ. 1830ರ ದಶಕದಲ್ಲಿ ಅವನು ಹುಡುಕುತ್ತಿದ್ದದ್ದು ಸರಾಸರಿ ಮನುಷ್ಯನನ್ನು. ಬಿಎಂಐ ಎಂಬ ಹೆಸರು ಕೊಟ್ಟದ್ದು 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್. ಅವರು ಐದು ದೇಶಗಳ ಏಳು ಸಾವಿರ ಚಿಲ್ಲರೆ ಗಂಡಸರನ್ನು ನೋಡಿದರು. ಅದರಲ್ಲಿ ಭಾರತವಿಲ್ಲ, ಹೆಂಗಸರಂತೂ ಒಬ್ಬರೂ ಇಲ್ಲ.

ಹೆಚ್ಚು ಜನ ಹೇಳಿದ್ದು ಇದು: 'ನಮ್ಮವರು ಸಣಕಲರು. ಮುದ್ದೆ ಉಂಡು ದುಡಿಯುವವರಿಗೆ ಶುಗರ್ ಎಲ್ಲಿಂದ ಬರಬೇಕು?' ನನ್ನ ತಕರಾರೆಲ್ಲ ಇರುವುದು ಇಲ್ಲೇ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯೂಡ್ಕಿನ್ 2004ರಲ್ಲಿ ತಮ್ಮಿಬ್ಬರ ಲೆಕ್ಕವನ್ನೇ 'ಲ್ಯಾನ್ಸೆಟ್'ನಲ್ಲಿ ಅಚ್ಚುಹಾಕಿಸಿದರು. ಇಬ್ಬರದೂ ಬಿಎಂಐ 22.3. ಮೈಕೊಬ್ಬು ಯೂಡ್ಕಿನ್‌ಗೆ ನೂರಕ್ಕೆ 9.1, ಯಾಜ್ಞಿಕ್‌ಗೆ 21.2. ಪುಣೆ ಸುತ್ತಿನ ಹಳ್ಳಿಗಳಲ್ಲಿ ಯಾಜ್ಞಿಕ್ ತಂಡ ನೋಡಿದ ಹಸುಗೂಸುಗಳೂ ಇದನ್ನೇ ಹೇಳಿದವು: ಇಂಗ್ಲೆಂಡಿನ ಕೂಸುಗಳಿಗಿಂತ ತೂಕ ಬಹಳ ಕಡಿಮೆ, ಮಾಂಸಖಂಡ ಕಡಿಮೆ, ಕೊಬ್ಬು ಮಾತ್ರ ಆ ಪ್ರಮಾಣದಲ್ಲಿ ಇಳಿದಿಲ್ಲ. ಬರ ಕಂಡ ಸೀಮೆಯ ಬಡಕಲು ಮೈ ಶುಗರ್‌ನಿಂದ ಕಾಪಾಡುತ್ತದೆ ಎಂಬ ನಂಬಿಕೆ ಅಪಾಯದ್ದು. ತೋಳು ಕಡ್ಡಿಯಂತಿದ್ದು ಹೊಟ್ಟೆಯೊಳಗೆ, ಕರುಳಿನ ಸುತ್ತ ಕೊಬ್ಬು ಕೂತಿದ್ದರೆ ಇನ್ಸುಲಿನ್ ತನ್ನ ಕೆಲಸ ಸರಿಯಾಗಿ ಮಾಡಲಾರದು. ಇನ್ನು ಮುದ್ದೆ: ಹೊಲದಲ್ಲಿ ಬೆವರು ಸುರಿಸಿದವರು ಉಂಡದ್ದು ಬೇರೆ, ಅಂಗಡಿಯಲ್ಲಿ ಕೂತವರು ಅದೇ ಗಾತ್ರದ ಮುದ್ದೆ ನುಂಗುವುದು ಬೇರೆ.

'ಬಿಎಂಐ 23 ದಾಟಿದರೆ ಎಚ್ಚರ ಎನ್ನುವುದು ಮಾತ್ರೆ ಮಾರುವವರ ಹುನ್ನಾರ' ಎಂದೂ ಒಬ್ಬರು ಬರೆದಿದ್ದಾರೆ. ಏಷ್ಯಾದವರಿಗೆ 25ಕ್ಕಿಂತ ಕೆಳಗೇ ಅಪಾಯ ಶುರುವಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ 2004ರಲ್ಲೇ ಹೇಳಿದೆ. ಮಾತ್ರೆಯ ಮಾತು ಬರುವುದು ಆಮೇಲೆ.

'ಇಷ್ಟೆಲ್ಲ ಕೊರತೆ ಇದ್ದರೆ ಬಿಎಂಐಯನ್ನೇ ಕಿತ್ತೊಗೆಯಿರಿ' ಎಂಬುದಕ್ಕೂ ನಾನು ಒಪ್ಪುವವನಲ್ಲ. 18.5ಕ್ಕಿಂತ ಕೆಳಗಿನವರನ್ನು ಕ್ಷಯ ತಪಾಸಣೆಗೆ ಮೊದಲು ಕರೆಯುತ್ತಾರೆ; ಹೊಟ್ಟೆಗಿಲ್ಲದೆ ಸೊರಗಿದ ಕೂಲಿ ಹೆಂಗಸನ್ನು ಟೇಪು ಗುರುತಿಸಲಾರದು, ತಕ್ಕಡಿ ಗುರುತಿಸುತ್ತದೆ. ಒಂದೂರಿನ ತೂಕ ವರ್ಷದಿಂದ ವರ್ಷಕ್ಕೆ ಎತ್ತ ಸಾಗಿದೆ ಎಂದು ನೋಡಲೂ ಇಷ್ಟು ಅಗ್ಗದ ದಾರಿ ಇನ್ನೊಂದಿಲ್ಲ.

ಕೊನೆಯದು, 'ಹೆಂಗಸರ ಸೊಂಟ ಅಳೆಯುವುದು ನಮ್ಮಲ್ಲಿ ಆಗದ ಮಾತು.' ಆಗಲೇ ಆಗುತ್ತಿದೆಯಲ್ಲ! 30 ದಾಟಿದವರಿಗಾಗಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ತರುವ ಸರ್ಕಾರಿ ನಮೂನೆಯಲ್ಲಿ ಸೊಂಟಕ್ಕೂ ಅಂಕವಿದೆ: ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ದಾಟಿದರೆ ಲೆಕ್ಕಕ್ಕೆ ಬಂತು. ಆಶಾ ಅಕ್ಕ ಒಳಮನೆಯಲ್ಲಿ ಅಳೆಯಬಲ್ಲಳು ಎಂದಮೇಲೆ ಶಿಬಿರದಲ್ಲಿ ಒಂದು ಪರದೆ ಕಟ್ಟುವುದು ಎಷ್ಟು ಹೊತ್ತಿನ ಕೆಲಸ? ಅದೂ ಬೇಡವೆಂದರೆ ನಿಮ್ಮ ಎತ್ತರದಷ್ಟು ದಾರ ಕತ್ತರಿಸಿ (ನೇಕಾರರ ಊರಲ್ಲಿ ನೂಲಿಗೇನು ಬರ), ಅರ್ಧಕ್ಕೆ ಮಡಿಸಿ, ಉಸಿರು ಬಿಟ್ಟು, ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಸುತ್ತಿ ನೋಡಿ. ತುದಿಗೆ ತುದಿ ಮುಟ್ಟದಿದ್ದರೆ, ಚೀಟಿಯಲ್ಲಿ 'ನಾರ್ಮಲ್' ಎಂದಿದ್ದರೂ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಶುಗರ್, ಬಿಪಿ ನೋಡಿಸಿಕೊಳ್ಳಿ.