‘ಗ್ಲಾಸ್ ಫ್ರೀ’ ಹಲಗೆಯಲ್ಲಿ ಇಲ್ಲದ ಒಂದು ಸಾಲು

ಪಾಮನಕಲ್ಲೂರು ದಾಟಿ ಒಂದು ಮೈಲಿಯೂ ಹೋಗಿರಲಿಕ್ಕಿಲ್ಲ, ಮುಂದಿದ್ದ ಟಿಪ್ಪರಿನಿಂದ ಜಲ್ಲಿಕಲ್ಲೊಂದು ಹಾರಿ ಬಂದು ಕಾರಿನ ಮುಂದಿನ ಗ್ಲಾಸಿಗೆ ಟಕ್ ಎಂದು ಬಡಿಯಿತು. ಟಿಪ್ಪರಿನ ಮೇಲೆ ತಾಡಪಾಲು ಇರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಇಳಿದು ನೋಡಿದರೆ ಕಡಲೆಬೇಳೆಯಷ್ಟು ದೊಡ್ಡ ಚುಕ್ಕೆ. ಪಕ್ಕದಲ್ಲಿದ್ದ ತಮ್ಮ, ‘ಏನಾಗಂಗಿಲ್ಲ ನಡಿ ಅಣ್ಣ’ ಅಂದ. ಅದು ಏಪ್ರಿಲ್ ತಿಂಗಳು. ಹೊರಗೆ ರಾಯಚೂರು ಜಿಲ್ಲೆಯ ಬಿಸಿಲು, ಒಳಗೆ ಏಸಿಯ ತಂಪು, ಎರಡರ ನಡುವೆ ಸಿಕ್ಕ ಗಾಜು. ಮೂರನೆಯ ದಿನ ಬೆಳಿಗ್ಗೆ ನೋಡಿದಾಗ ಚುಕ್ಕೆಯಿಂದ ಹೊರಟ ಗೆರೆ ಡ್ರೈವರ್ ಸೀಟಿನ ಎದುರಿಗೇ ಬಂದು ನಿಂತಿತ್ತು.

ನಮ್ಮ ಕಡೆ ಇಂಥದಕ್ಕೆ ಮಸ್ಕಿ, ಲಿಂಗಸುಗೂರು, ಸಿಂಧನೂರು ಎಂದು ಸುತ್ತಬೇಕು. ಹಾಗೆ ಸುತ್ತುವಾಗ ಒಂದು ಊರಿನಲ್ಲಿ (ಹೆಸರು ಬೇಡ) ದೊಡ್ಡ ಫ್ಲೆಕ್ಸ್ ಹಲಗೆ ಕಂಡಿತು. ‘ಇನ್ಶೂರೆನ್ಸ್ ಇದ್ದರೆ ಗ್ಲಾಸ್ ಫ್ರೀ! ಒಂದು ರೂಪಾಯಿ ಕೊಡಬೇಕಿಲ್ಲ!’ ಹಲಗೆಯ ಅರ್ಧ ಭಾಗವನ್ನು ಒಂದು ಕೆಂಪು ಕಾರು ನುಂಗಿತ್ತು. ವಿದೇಶದ್ದು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಿನದು. ಒಳಗೆ ಕಾಲಿಟ್ಟ ಕೂಡಲೇ ಹುಡುಗ ಕೇಳಿದ: ‘ಯಾವ ಕಂಪನಿ ಇನ್ಶೂರೆನ್ಸ್ ರಿ ಸರ?’ ಹೇಳಿದೆ. ‘ಆತು ಬಿಡ್ರಿ, ಕೀಲಿ ಕೊಟ್ಟು ಚಹಾ ಕುಡದು ಬರ್ರಿ’ ಅಂದ. ಮೊಬೈಲಿನಲ್ಲಿ ನಾಲ್ಕು ಫೋಟೊ, ಒಂದು ಫಾರಮ್ಮಿಗೆ ನನ್ನ ಸಹಿ. ಸಂಜೆಗೆ ಹೊಸ ಗ್ಲಾಸು. ಹುಡುಗನ ಕೆಲಸದಲ್ಲಿ ಒಂದು ಕೊಂಕು ಹೇಳುವಂತಿರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಂಟು ಒಣಗುವ ತನಕ ಬಾಗಿಲನ್ನು ಜೋರಾಗಿ ಬಡಿಯಬೇಡಿ, ಕಿಟಕಿಯ ಗ್ಲಾಸನ್ನು ಸ್ವಲ್ಪ ಇಳಿಸಿಕೊಂಡೇ ಹೋಗಿ ಎಂದು ಎರಡೆರಡು ಸಲ ಹೇಳಿ ಕಳಿಸಿದ. ಹಳೆಯ ಗಾಜಿನ ಜೊತೆ ಫಾಸ್ಟ್ಯಾಗ್ ಕೂಡ ಹೋಯಿತೆಂಬುದು ನನಗೆ ತಿಳಿದದ್ದು ಮುಂದಿನ ಟೋಲಿನಲ್ಲಿ, ಹಿಂದಿನವರು ಹಾರ್ನ್ ಬಾರಿಸತೊಡಗಿದಾಗ.

ನಿಜವಾದ ಬಿಲ್ಲು ಬಂದದ್ದು ಪಾಲಿಸಿ ನವೀಕರಣದ ಹೊತ್ತಿಗೆ. ಮೊತ್ತ ನೋಡಿ ಏಜೆಂಟರಿಗೆ ಫೋನ್ ಮಾಡಿದೆ. ‘ಹೋದ ವರ್ಷ ಕ್ಲೇಮ್ ಮಾಡೀರಲ್ರಿ ಸರ, ಎನ್‌ಸಿಬಿ ಹೋಗ್ಯದ’ ಅಂದರು. ಇಷ್ಟು ಗೊತ್ತಿರಲಿಲ್ಲವೇ ಎಂಬ ಆಶ್ಚರ್ಯ ಅವರ ದನಿಯಲ್ಲಿತ್ತು. ಗೊತ್ತಿರಲಿಲ್ಲ.

ಎನ್‌ಸಿಬಿ ಎಂದರೆ ನೋ ಕ್ಲೇಮ್ ಬೋನಸ್. ವರ್ಷವಿಡೀ ಏನೂ ಕೇಳದೆ ಇದ್ದವನಿಗೆ ಕಂಪನಿ ಕೊಡುವ ರಿಯಾಯಿತಿ. ನಮ್ಮದೇ ಗಾಡಿಯ ಹಾನಿಗೆಂದು ಕಟ್ಟುವ ಕಂತಿನಲ್ಲಿ ಮೊದಲ ವರ್ಷಕ್ಕೆ ಶೇ 20, ಆಮೇಲೆ 25, 35, 45, ಐದು ವರ್ಷ ಸುಮ್ಮನಿದ್ದರೆ ಶೇ 50 ಕಡಿತ. ಒಂದೇ ಒಂದು ಕ್ಲೇಮ್ ಮಾಡಿದರೆ ಸೊನ್ನೆಗೆ ಇಳಿದು ಮತ್ತೆ ಮೊದಲ ಮೆಟ್ಟಿಲಿನಿಂದ ಹತ್ತಬೇಕು. ಇದನ್ನು ಕಾಯ್ದುಕೊಳ್ಳಲು ಬೇರೆ ದುಡ್ಡು ಕಟ್ಟಿ ಕೊಳ್ಳುವ ರಕ್ಷಣೆಯೂ ಉಂಟು. ಆದರೆ ಅದು ನಿಮ್ಮ ಪಾಲಿಸಿಯಲ್ಲಿ ಇದೆಯೋ ಇಲ್ಲವೋ ಎಂದು ಹಲಗೆಗೆ ಹೇಗೆ ಗೊತ್ತು?

ಲೆಕ್ಕ ಹಾಕೋಣ. ರಿಯಾಯಿತಿ ಹಿಡಿಯುವ ಮುನ್ನ ಸ್ವಂತ ಹಾನಿಯ ಭಾಗದ ಕಂತು ವರ್ಷಕ್ಕೆ ₹6,000 ಇರಲಿ, ನೀವು ಈಗ ಶೇ 35ರ ಮೆಟ್ಟಿಲಿನಲ್ಲಿ ಇದ್ದೀರಿ ಎನ್ನಿ. ಕ್ಲೇಮ್ ಮಾಡದಿದ್ದರೆ ಮುಂದಿನ ವರ್ಷ ಶೇ 45 ಕಡಿತ, ಕಟ್ಟುವುದು ₹3,300. ಮಾಡಿದರೆ ಪೂರಾ ₹6,000. ಅಲ್ಲಿಗೆ ₹2,700 ಹೋಯಿತು. ಅದರ ಮುಂದಿನ ವರ್ಷ ಶೇ 50 ಸಿಗಬೇಕಾದವರಿಗೆ 20 ಸಿಗುತ್ತದೆ, ₹1,800. ಆಮೇಲೆ ₹1,500, ₹900, ಕೊನೆಗೆ ₹300. ಐದು ವರ್ಷಕ್ಕೆ ಒಟ್ಟು ₹7,200. ಗಾಡಿ ಹಳೆಯದಾದಂತೆ ಅದರ ಮೌಲ್ಯ ಇಳಿದು ಕಂತೂ ಇಳಿಯುವುದರಿಂದ ಇದು ಒಂದಿಷ್ಟು ಕಡಿಮೆಯಾಗಬಹುದು. ಆದರೂ ಗ್ಲಾಸಿನ ಬಿಲ್ಲೇ ₹5,500 ಆಗಿದ್ದರೆ? ಅದರಲ್ಲೂ 1,500 ಸಿಸಿಯವರೆಗಿನ ಖಾಸಗಿ ಕಾರಿಗೆ ಮಾಲೀಕ ಕಡ್ಡಾಯವಾಗಿ ಹೊರಬೇಕಾದ ಪಾಲು ₹1,000 ಇದೆ, ಅದಕ್ಕಿಂತ ದೊಡ್ಡ ಎಂಜಿನ್ನಿಗೆ ₹2,000. ಅಂದರೆ ಕಂಪನಿಯಿಂದ ನಾಲ್ಕೂವರೆ ಸಾವಿರ ಪಡೆದು ಏಳು ಸಾವಿರದ ಹತ್ತಿರ ತಿರುಗಿ ಕಟ್ಟಿದಂತಾಯಿತು. ‘ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು’ ಎಂಬ ಗಾದೆಯನ್ನು ನಾನು ಮಂದಿಗೆ ಹೇಳಿ ನಗುತ್ತಿದ್ದವನು.

ಎಲ್ಲರಿಗೂ ಇದೇ ಲೆಕ್ಕ ಅಲ್ಲ. ಹೊಸ ನಮೂನೆಯ ಕಾರುಗಳ ಗ್ಲಾಸಿಗೆ ಕ್ಯಾಮೆರಾ, ಸೆನ್ಸರ್ ಅಂಟಿಕೊಂಡಿರುತ್ತವೆ. ಅವುಗಳ ಬಿಲ್ಲು ಹತ್ತಿಪ್ಪತ್ತು ಸಾವಿರ ದಾಟಿದರೆ ಕ್ಲೇಮ್ ಮಾಡುವುದೇ ಜಾಣತನ. ಗಾಜಿನ ವಿಷಯದಲ್ಲಿ ನಮ್ಮ ಪಾಲಿಸಿಯ ನಿಯಮವೂ ಉದಾರವಾಗಿಯೇ ಇದೆ. ಪ್ಲಾಸ್ಟಿಕ್ಕು, ರಬ್ಬರಿಗೆ ಅರ್ಧ ಸವಕಳಿ ಹಿಡಿಯುವ ಕಂಪನಿ ಗಾಜಿಗೆ ಸವಕಳಿ ಹಿಡಿಯುವುದಿಲ್ಲ. ಎಷ್ಟೇ ಹಳೆಯ ಕಾರಾದರೂ ಗಾಜಿಗೆ ಪೂರ್ತಿ ಬೆಲೆ. ‘ಬಂಪರ್ ಟು ಬಂಪರ್ (ಸವಕಳಿ ಹಿಡಿಯದ ಪಾಲಿಸಿ) ಮಾಡಿಸಿದ್ರ ಮಾತ್ರ ಗ್ಲಾಸ್ ಬರ್ತದ’ ಎಂದು ಯಾರಾದರೂ ಹೇಳಿದರೆ ಅದೂ ಪೂರ್ತಿ ಖರೆ ಅಲ್ಲ. ಸುದ್ದಿ ಎರಡೂ ಕಡೆಯಿಂದ ಅರ್ಧರ್ಧವೇ ಬರುತ್ತದೆ.

ನನ್ನ ತಕರಾರು ಕೆಲವು ಸಾವಿರ ರೂಪಾಯಿಯದಲ್ಲ. ಆ ಹುಡುಗ ಕೇಳಿದ ಮೊದಲ ಪ್ರಶ್ನೆಯದು. ‘ಯಾವ ಕಂಪನಿ’ ಎಂದು ಕೇಳಿದ. ‘ಎಷ್ಟು ವರ್ಷದಿಂದ ಕ್ಲೇಮ್ ಮಾಡಿಲ್ರಿ’ ಎಂದು ಕೇಳಲಿಲ್ಲ. ಮೊದಲನೆಯದು ಅಂಗಡಿಗೆ ಬೇಕಾದ ಉತ್ತರ, ಎರಡನೆಯದು ನನಗೆ ಬೇಕಾದ ಪ್ರಶ್ನೆ. ಇನ್ನೂ ಹಿಂದಕ್ಕೆ ಹೋದರೆ, ಚುಕ್ಕೆ ಕಡಲೆಬೇಳೆಯಷ್ಟೇ ಇದ್ದ ದಿನ ಅದರೊಳಗೆ ಅಂಟುದ್ರವ ತುಂಬಿಸಿ ಗಟ್ಟಿ ಮಾಡಿಸಬಹುದಿತ್ತು. ಮುಂದಿನ ಗ್ಲಾಸು ಎಂದರೆ ಎರಡು ಗಾಜಿನ ನಡುವೆ ಒಂದು ಪ್ಲಾಸ್ಟಿಕ್ ಪದರ. ಕಲ್ಲು ಬಡಿದದ್ದು ಹೊರಗಿನ ಪದರಕ್ಕೆ ಮಾತ್ರ. ನಾಣ್ಯಕ್ಕಿಂತ ಚಿಕ್ಕ ಗಾಯ, ಚಾಲಕನ ಕಣ್ಣಿಗೆ ಅಡ್ಡ ಬಾರದಿದ್ದರೆ, ಹಾಗೆ ತುಂಬಿಸಿದರೆ ಸಾಮಾನ್ಯವಾಗಿ ಅಲ್ಲೇ ನಿಲ್ಲುತ್ತದೆ. ಆ ಕೆಲಸಕ್ಕೆ ಯಾರೂ ಫ್ಲೆಕ್ಸ್ ಕಟ್ಟುವುದಿಲ್ಲ. ಅದರಲ್ಲಿ ಲಾಭ ಇಲ್ಲ.

ಇದಕ್ಕಿಂತ ಕೆಟ್ಟದ್ದು ಕ್ರೂಸರ್ ಗಾಡಿಗಳವರ ಪಾಡು. ನಮ್ಮ ಹಳ್ಳಿಗಳಿಂದ ಕೂಲಿಗೆ ಜನ ತುಂಬಿಕೊಂಡು ಓಡುವ ಹಳೆಯ ಕ್ರೂಸರ್, ಪಿಕಪ್, ಗೂಡ್ಸ್ ಗಾಡಿಗಳಲ್ಲಿ ಎಷ್ಟೋ ಮಂದಿ ಕಟ್ಟಿಸುವುದು ಥರ್ಡ್ ಪಾರ್ಟಿ ಮಾತ್ರ. 1988ರ ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿರುವುದೂ ಅಷ್ಟನ್ನೇ. ಅದು ನಮ್ಮ ಗಾಡಿಯಿಂದ ಇನ್ನೊಬ್ಬರಿಗೆ ಆದ ಹಾನಿಗೆ. ನಮ್ಮ ಗ್ಲಾಸಿಗೆ ಅದರಿಂದ ಚಿಕ್ಕಾಸೂ ಬರುವುದಿಲ್ಲ. ‘ಇನ್ಶೂರೆನ್ಸ್ ಇದ್ದರೆ’ ಎಂದು ಓದಿದ ಡ್ರೈವರು, ‘ಐತಲ್ರಿ ಇನ್ಶೂರೆನ್ಸ್’ ಎಂದು ಕಾಗದ ತೋರಿಸುತ್ತಾನೆ. ಅವನು ಹೇಳಿದ್ದು ಸುಳ್ಳಲ್ಲ, ಹಲಗೆ ಹೇಳಿದ್ದು ಮಾತ್ರ ಅರ್ಧ ಸತ್ಯ. ಇವೆರಡರ ನಡುವೆ ಒಡೆದ ಗ್ಲಾಸು ಕಳಚಿ ಕೆಳಗಿಟ್ಟಾಗಿದೆ. ಗ್ಲಾಸಿಲ್ಲದ ಗಾಡಿಯನ್ನು ಹಾಗೇ ಹೊಡೆದುಕೊಂಡು ಹೋಗಲಾಗದು. ಸಾಲ ಹೇಳಿ ಹಾಕಿಸಿಕೊಂಡೇ ಹೋಗಬೇಕು.

ಇನ್ನೊಂದು ಮಾತು ಹಲಗೆಯ ಮೇಲೆ ಇರುವುದಿಲ್ಲ, ಕೌಂಟರಿನ ಹಿಂದೆ ಮೆಲ್ಲಗೆ ಬರುತ್ತದೆ. ‘ನಿಮ್ಮ ಸಾವಿರನೂ ನೀವು ಕೊಡಬ್ಯಾಡ್ರಿ, ನಾವು ನೋಡ್ಕೊಂತೀವಿ.’ ಹೇಗೆ ನೋಡಿಕೊಳ್ಳುತ್ತಾರೆ? ₹5,500ರ ಬಿಲ್ಲು ₹6,500 ಆಗುತ್ತದೆ. ಕ್ಲೇಮ್ ಫಾರಮ್ಮಿನ ಕೆಳಗೆ ಸಹಿ ಮಾತ್ರ ನಮ್ಮದು. ಹಳೆಯ ಬಿರುಕಿಗೆ ಹೊಸ ತಾರೀಕು ಹಾಕುವುದೂ ಇದೇ ಜಾತಿಯ ಉಪಕಾರ. ನಾಳೆ ತನಿಖೆ ಬಂದರೆ ಸುಳ್ಳು ಹೇಳಿದವನು ಅಂಗಡಿಯವನಲ್ಲ, ಸಹಿ ಮಾಡಿದವನು. ಇಂಥ ಕಡೆ ಗಿರಾಕಿಯನ್ನು ಬರೀ ಅಮಾಯಕ ಎಂದು ನಾನು ಕರೆಯಲಾರೆ. ಸಾವಿರ ಉಳಿಯಿತು ಎಂದು ನಾವೂ ನಕ್ಕಿರುತ್ತೇವೆ.

ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಪೂರ್ಣ ವಿಮೆ ಇದ್ದರೆ ಮುಂದಿನ ಗ್ಲಾಸಿಗೆ ಮಾಲೀಕನ ಪಾಲು ಹಿಡಿಯುವಂತಿಲ್ಲ ಎಂಬ ಕಾನೂನೇ ಇದೆ. ಅಲ್ಲಿ ‘ಫ್ರೀ’ ಎಂದರೆ ಹೆಚ್ಚುಕಡಿಮೆ ಫ್ರೀಯೇ. ಆದರೂ ಅಂಗಡಿಗಳು ಉಡುಗೊರೆಯ ಆಸೆ ತೋರಿಸಿ ಗಿರಾಕಿಗಳಿಂದ ಕ್ಲೇಮಿನ ಹಕ್ಕನ್ನೇ ಬರೆಸಿಕೊಂಡು ಕಂಪನಿಗಳ ಮೇಲೆ ಸಾವಿರಾರು ದಾವೆ ಹೂಡಿದವು. 2023ರಲ್ಲಿ ಆ ಉಡುಗೊರೆಯನ್ನೂ ಹಕ್ಕು ಬರೆಸಿಕೊಳ್ಳುವುದನ್ನೂ ಅಲ್ಲಿನ ಶಾಸನಸಭೆ ನಿಷೇಧಿಸಬೇಕಾಯಿತು. ಪುಕ್ಕಟೆಯ ಚಟಕ್ಕೆ ನಮ್ಮೂರು, ಅವರೂರು ಎಂಬ ಭೇದ ಇದ್ದಂತಿಲ್ಲ.

ನಮ್ಮಲ್ಲೂ ಕಾನೂನು ಇಲ್ಲದೆ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸುಳ್ಳು ಹೇಳುವುದನ್ನು ಮಾತ್ರವಲ್ಲ, ಮುಖ್ಯ ಸಂಗತಿಯನ್ನು ಬೇಕೆಂದೇ ಮುಚ್ಚಿಡುವುದನ್ನೂ ದಾರಿ ತಪ್ಪಿಸುವ ಜಾಹೀರಾತು ಎನ್ನುತ್ತದೆ. 2022ರ ಜೂನ್‌ನಲ್ಲಿ ಬಂದ ಮಾರ್ಗಸೂಚಿಗಳು ‘ಫ್ರೀ’ ಎಂಬ ಪದವನ್ನು ಹೇಗೆ ಬಳಸಬೇಕೆಂದೇ ಹೇಳಿವೆ. ಷರತ್ತುಗಳನ್ನು ಜಾಹೀರಾತಿನ ಭಾಷೆಯಲ್ಲೇ ಬರೆಯಬೇಕೆಂದೂ ಹೇಳಿವೆ. ಅಂದರೆ ಕನ್ನಡದಲ್ಲಿ ‘ಒಂದು ರೂಪಾಯಿ ಕೊಡಬೇಕಿಲ್ಲ’ ಎಂದು ಕೂಗಿ, ಮೂಲೆಯಲ್ಲಿ ನಕ್ಷತ್ರದ ಗುರುತಿಟ್ಟು ಇಂಗ್ಲಿಷಿನಲ್ಲಿ ಇರುವೆಯಷ್ಟು ಅಕ್ಷರ ಹಾಕುವುದು ಸಲ್ಲದು. ಇಂಥ ಹಲಗೆಯ ಮೇಲೆ ಜಿಲ್ಲಾಧಿಕಾರಿಗೆ ದೂರು ಕೊಡಬಹುದು. ನಷ್ಟವಾಗಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಏನೂ ತೋಚದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು 1915.

ಮಸ್ಕಿ ತಾಲ್ಲೂಕಿನವರಿಗೆ ಈ ನಂಬರು ನೆನಪಿಡುವುದು ಕಷ್ಟವಾಗಬಾರದು. ಚಿನ್ನ ಹುಡುಕುತ್ತ ಬಂದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನ ಬಿದ್ದದ್ದು 1915ರಲ್ಲೇ. ‘ದೇವಾನಾಂಪ್ರಿಯ’ ಎಂಬ ಬಿರುದಿನ ಮರೆಯಲ್ಲೇ ಉಳಿದಿದ್ದ ದೊರೆಯ ಸ್ವಂತ ಹೆಸರು ಕಂಡದ್ದು ಅಲ್ಲಿ. ಜನ ಓಡಾಡುವ ಕಡೆ, ಆಡುಮಾತಿಗೆ ಹತ್ತಿರದ ಭಾಷೆಯಲ್ಲಿ, ಹೇಳಿದವನ ಹೆಸರು ಹಾಕಿ ಕೆತ್ತಿದ್ದು. ಅದೂ ಒಂದು ಜಾಹೀರಾತೇ ಎಂದರೆ ಇತಿಹಾಸದ ಮೇಷ್ಟ್ರುಗಳು ಮುನಿಸಿಕೊಳ್ಳಬಹುದು. ಅದೇ ದೊರೆಯ ಬ್ರಹ್ಮಗಿರಿಯ ಶಾಸನದಲ್ಲಿ ಸತ್ಯ ನುಡಿಯಬೇಕೆಂಬ ಮಾತೂ ಇದೆ. ಅಲ್ಲಿ ನಕ್ಷತ್ರದ ಗುರುತಿಲ್ಲ. ಇದೇ ತಾಲ್ಲೂಕಿನ ಪಾಮನಕಲ್ಲೂರಂತೂ ಭರವಸೆಗಳನ್ನು ಓದಿ ಪಳಗಿದ ಊರು. ನೀರಾವರಿಯ 5ಎ ಕಾಲುವೆಗಾಗಿ 2020ರ ಕೊನೆಯಿಂದ ತಿಂಗಳುಗಟ್ಟಲೆ ಧರಣಿ ಕೂತ ರೈತರಿಗೆ, ಮರುವರ್ಷ ಮಸ್ಕಿ ಉಪಚುನಾವಣೆ ನೋಡಿದವರಿಗೆ, ಮಾತಿನ ಹಿಂದಿನ ಷರತ್ತು ಹುಡುಕುವುದನ್ನು ನಾನೇನು ಕಲಿಸಲಿ?

ಹೋದ ತಿಂಗಳು ಅದೇ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದೆ. ಈ ಸಲ ಮಾಲೀಕರೇ ಇದ್ದರು. ಜಗಳಕ್ಕೆ ಹೋಗಿರಲಿಲ್ಲ, ಅವರೂ ಜಗಳದ ಮನುಷ್ಯರಲ್ಲ. ಎನ್‌ಸಿಬಿ ವಿಷಯ ಎತ್ತಿದೆ. ‘ಅದು ಗೊತ್ತೈತ್ರಿ ಸರ. ಆದ್ರ ನಾನೊಬ್ಬನ ಹಿಂಗ ಬರದ್ರ ಗಿರಾಕಿ ಆಜೂಬಾಜು ಅಂಗಡಿಗೆ ಹೋಗ್ತಾರ. ಅಲ್ಲೂ ಫ್ರೀ ಅಂತ ಬರದಾರ’ ಅಂದರು. ಅದರಲ್ಲಿ ಸುಳ್ಳಿಲ್ಲ. ಬಾಡಿಗೆ, ಹುಡುಗರ ಪಗಾರ, ಕಂಪನಿಯಿಂದ ತಿಂಗಳು ತಡವಾಗಿ ಬರುವ ರೊಕ್ಕ, ಎಲ್ಲವನ್ನೂ ಹೇಳಿಕೊಂಡರು. ಖರೆ ಹೇಳುವ ಅಂಗಡಿಗೆ ಮೊದಲ ತಿಂಗಳು ಪೆಟ್ಟು ಬೀಳುತ್ತದೆ, ಒಪ್ಪಿದೆ. ಕ್ಲೇಮ್ ಮಾಡಬೇಡಿ ಎಂದು ಹೇಳಿ ಕಳಿಸಿದ ಗಿರಾಕಿ ಹತ್ತು ಮಂದಿಯನ್ನು ಕರೆದುಕೊಂಡು ಬರುತ್ತಾನೆ ಎಂದು ನಾನೂ ವಾದಿಸಿದೆ. ಅವರು ನಕ್ಕರು. ಕೊನೆಗೆ ನಾನು ಕೇಳಿದ್ದು ಇಷ್ಟೇ: ಹಲಗೆಯ ಕೆಳಗೆ ಒಂದು ಸಾಲು. ‘ಫುಲ್ ಇನ್ಶೂರೆನ್ಸ್ ಇದ್ದವರಿಗೆ ಮಾತ್ರ. ಕ್ಲೇಮ್ ಮಾಡಿದರೆ ಮುಂದಿನ ವರ್ಷದ ಕಂತು ಏರುತ್ತದೆ, ಕೇಳಿ ತಿಳಿದುಕೊಳ್ಳಿ.’

ಅವರು ಹೊರಗೆ ಬಂದು, ಸೊಂಟದ ಮೇಲೆ ಕೈಯಿಟ್ಟು, ಹಲಗೆಯನ್ನು ಬಹಳ ಹೊತ್ತು ನೋಡಿದರು.

‘ಜಾಗ ಎಲ್ಲೈತ್ರಿ ಸರ?’

ಕೆಂಪು ಕಾರು ಅಲ್ಲೇ ಇತ್ತು, ಅರ್ಧ ಹಲಗೆ ತುಂಬಿಕೊಂಡು. ಅಂಥ ಕಾರು ನಮ್ಮ ಕಡೆಯ ರಸ್ತೆಗೆ ಇಳಿದದ್ದನ್ನು ನಾನಂತೂ ನೋಡಿಲ್ಲ.