ಕಾನೂನಿನ ಹೆಸರು ತಿಳಿದಿದ್ದರೆ ಅರ್ಧ ಭಯ ಕಡಿಮೆ

ಡೊಂಬಿವಲಿ ಪೂರ್ವದ ನಮ್ಮ ಸದಸ್ಯರೊಬ್ಬರ ಹೊಟೇಲಿನಿಂದ ಕೆಲವು ವರ್ಷಗಳ ಹಿಂದೆ ಮೊಸರಿನ ಸ್ಯಾಂಪಲ್ ಒಯ್ದಿದ್ದರು. ಕೊಬ್ಬಿನ ಅಂಶ ನಿಗದಿತ ಮಟ್ಟಕ್ಕಿಂತ ಕಡಿಮೆ, ಆದುದರಿಂದ ‘ಸಬ್‌ಸ್ಟ್ಯಾಂಡರ್ಡ್’ ಎಂದು ವರದಿ ಬಂತು. ಸಂಜೆಯೊಳಗೆ ಸ್ಟೇಷನ್ ಪರಿಸರದಲ್ಲಿ ಹರಡಿದ ಸುದ್ದಿಯೇ ಬೇರೆ: ಇವರಲ್ಲಿ ಕಲಬೆರಕೆ ಸಿಕ್ಕಿತಂತೆ! ಗಾಬರಿಗೊಂಡ ಅವರು ಯಾರಿಗೂ ಹೇಳದೆ ಆ ಕಾಗದವನ್ನು ಗಲ್ಲಾದೊಳಗೆ ಇಟ್ಟುಬಿಟ್ಟರು. ಮೇಲ್ಮನವಿಗೆ ಇದ್ದ 30 ದಿನಗಳು ದಾಟಿದ ಮೇಲೆ ನಮ್ಮ ಬಳಿ ಬಂದರು. ಮೊಸರು ಅವರು ಮಾಡಿದ್ದಲ್ಲ, ಡೇರಿಯಿಂದ ತಂದದ್ದು. ಆದರೆ ಬಿಲ್ ಇರಲಿಲ್ಲ. ದಂಡ ಕಟ್ಟಿದರು. ದಂಡಕ್ಕಿಂತ ಹೆಚ್ಚು ಅವರನ್ನು ನೋಯಿಸಿದ್ದು ಆ ಒಂದು ಶಬ್ದ. ‘ಮೂವತ್ತು ವರ್ಷ ಗಿರಾಕಿಗಳ ಮುಖ ನೋಡಿ ಬದುಕಿದವ ನಾನು, ಈಗ ಕಲಬೆರಕೆಯವ ಆದೆ’ ಎಂದು ಅವರು ಹೇಳಿದ್ದು ನಮಗೆ ಇಂದಿಗೂ ನೆನಪಿದೆ.

ಅವರು ಕಲಬೆರಕೆಯವರಾಗಿರಲಿಲ್ಲ. ಕಾನೂನು ಕೂಡಾ ಅವರನ್ನು ಹಾಗೆ ಕರೆದಿರಲಿಲ್ಲ. ಹಾಗೆ ಕರೆದದ್ದು ಪೇಟೆ ಮತ್ತು ನಮ್ಮದೇ ಹಳೆಯ ಅಭ್ಯಾಸ. ಈ ವಿಷಯದಲ್ಲಿ ಸದಸ್ಯ ಬಾಂಧವರೊಡನೆ ನಾಲ್ಕು ಮಾತು ಹೇಳುವುದು ಅಗತ್ಯವೆಂದು ನಮಗನಿಸಿದೆ.

ನಮ್ಮ ಹಿರಿಯರು ಹೊಟೇಲು ನಡೆಸಿದ್ದು 1954ರ ಆಹಾರ ಕಲಬೆರಕೆ ತಡೆ ಕಾಯಿದೆಯ ಕಾಲದಲ್ಲಿ. ‘ಕಲಬೆರಕೆ’ ಎಂಬುದು ಆ ಕಾಯಿದೆಯ ಹೆಸರಿನಲ್ಲೇ ಇತ್ತು. ಅದರಲ್ಲಿ ಕಲಬೆರಕೆಯ ವ್ಯಾಖ್ಯೆ ಬಹಳ ಅಗಲವಾಗಿತ್ತು. ಆಹಾರ ಆರೋಗ್ಯಕ್ಕೆ ಹಾನಿಕರವಲ್ಲದಿದ್ದರೂ, ಕೇವಲ ಗುಣಮಟ್ಟ ನಿಗದಿತ ಅಳತೆಗಿಂತ ಕೆಳಗೆ ಬಂದರೆ ಅದೂ ಕಲಬೆರಕೆಯೇ. ಹಾಲಿಗೆ ವಿಷ ಬೆರೆಸಿದವನೂ, ಕೊಬ್ಬು ಸ್ವಲ್ಪ ಕಡಿಮೆಯಿದ್ದ ಹಾಲು ಇಟ್ಟುಕೊಂಡವನೂ ಒಂದೇ ಹೆಸರಿನಡಿ ಕೋರ್ಟಿಗೆ ಹೋಗಬೇಕಾಗಿತ್ತು. ಅಂಥ ಕೇಸುಗಳಿಗಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆದವರನ್ನು ನಾವು ಕಂಡಿದ್ದೇವೆ.

2006ರ ಆಹಾರ ಸುರಕ್ಷೆ ಮತ್ತು ಗುಣಮಟ್ಟ ಕಾಯಿದೆ ಈ ಹಳೆಯ ಕಾಯಿದೆಯನ್ನೂ, ಅದರೊಂದಿಗೆ ಹಣ್ಣಿನ ಉತ್ಪನ್ನ, ಮಾಂಸದ ಉತ್ಪನ್ನ, ಖಾದ್ಯ ತೈಲ, ಹಾಲಿನ ಉತ್ಪನ್ನ ಮುಂತಾದವುಗಳ ಪ್ರತ್ಯೇಕ ಆದೇಶಗಳನ್ನೂ ಒಂದೇ ಸೂರಿನಡಿ ತಂದಿತು. ಲೈಸನ್ಸಿನ ನಿಯಮಗಳು ಜಾರಿಗೆ ಬಂದದ್ದು 2011ರ ಆಗಸ್ಟ್ 5ರಂದು. ಹೆಸರಿನಿಂದ ‘ಕಲಬೆರಕೆ’ ಹೋಗಿ ‘ಸುರಕ್ಷೆ’ ಬಂತು. ಇದು ಬರೇ ಬೋರ್ಡು ಬದಲಾಯಿಸಿದ್ದಲ್ಲ. ಒಂದೇ ಶಬ್ದದಡಿ ಇದ್ದುದನ್ನು ಹೊಸ ಕಾಯಿದೆ ಬೇರೆ ಬೇರೆ ಮಾಡಿ ಇಟ್ಟಿತು. ಗುಣಮಟ್ಟ ಕಡಿಮೆಯಿದ್ದರೆ ಸಬ್‌ಸ್ಟ್ಯಾಂಡರ್ಡ್, 51ನೇ ಕಲಮಿನಡಿ 5 ಲಕ್ಷ ರೂಪಾಯಿವರೆಗೆ ದಂಡ. ಹೆಸರು ಅಥವಾ ಲೇಬಲು ತಪ್ಪಿದ್ದರೆ ಮಿಸ್‌ಬ್ರ್ಯಾಂಡೆಡ್, 52ನೇ ಕಲಮು, 3 ಲಕ್ಷದವರೆಗೆ. ಅನ್ಯ ವಸ್ತು ಸಿಕ್ಕಿದರೆ 54ನೇ ಕಲಮು, 1 ಲಕ್ಷದವರೆಗೆ. ಶುಚಿತ್ವವಿಲ್ಲದೆ ತಯಾರಿಸಿದರೆ 56ನೇ ಕಲಮು, 1 ಲಕ್ಷದವರೆಗೆ. ಇವುಗಳಿಗೆಲ್ಲ ದಂಡ ನಿರ್ಧರಿಸುವುದು ಅಧಿಕಾರಿಯ ಮುಂದಿನ ವಿಚಾರಣೆ, ಜೈಲಲ್ಲ. ತಿಂದವರ ಆರೋಗ್ಯಕ್ಕೆ ಹಾನಿ ಮಾಡುವ ‘ಅನ್‌ಸೇಫ್’ ಆಹಾರವಿದ್ದರೆ ಮಾತ್ರ 59ನೇ ಕಲಮು, ಅಲ್ಲಿ ಸಜೆ ಇದೆ. ಸಾವು ಸಂಭವಿಸಿದರೆ ಕನಿಷ್ಠ 7 ವರ್ಷ, ಜೀವಾವಧಿಯವರೆಗೂ ಹೋಗಬಹುದು.

ಆದುದರಿಂದ ನೋಟೀಸು ಬಂದಾಗ ನಾವು ನೋಡಬೇಕಾದ ಮೊದಲ ವಿಷಯ ದಂಡದ ಮೊತ್ತವಲ್ಲ, ಕಲಮಿನ ಸಂಖ್ಯೆ. ನಮ್ಮನ್ನು ಯಾವ ಗುಂಪಿಗೆ ಸೇರಿಸಿದ್ದಾರೆ ಎಂಬುದು ಅದರಿಂದ ತಿಳಿಯುತ್ತದೆ. ನಮ್ಮ ಡೊಂಬಿವಲಿಯ ಬಂಧುಗಳು ಅದನ್ನು ನೋಡಿದ್ದರೆ ರಾತ್ರಿ ನಿದ್ದೆ ಬಿಡುವ ಪ್ರಸಂಗ ಬರುತ್ತಿರಲಿಲ್ಲ. ಸ್ಯಾಂಪಲನ್ನು ನಾಲ್ಕು ಭಾಗ ಮಾಡುತ್ತಾರೆ, ಅದರಲ್ಲಿ ಒಂದನ್ನು ಮಾನ್ಯತೆ ಪಡೆದ ಪ್ರಯೋಗಶಾಲೆಗೆ ನಮ್ಮ ಖರ್ಚಿನಲ್ಲಿ ಕಳುಹಿಸಿ ಎಂದು ಸ್ಥಳದಲ್ಲೇ ಕೇಳುವ ಹಕ್ಕು ನಮಗಿದೆ. ಎರಡು ವರದಿಗಳಲ್ಲಿ ವ್ಯತ್ಯಾಸ ಬಂದರೆ ರೆಫರಲ್ ಪ್ರಯೋಗಶಾಲೆಯದ್ದೇ ಕೊನೆಯ ಮಾತು. ಈ ಹಕ್ಕನ್ನು ನಮ್ಮಲ್ಲಿ ಎಷ್ಟು ಮಂದಿ ಉಪಯೋಗಿಸಿದ್ದಾರೆ? ಕೇಳಿದರೆ ಸಾಹೇಬರಿಗೆ ಸಿಟ್ಟು ಬಂದೀತು ಎಂಬ ಅಂಜಿಕೆಯಿಂದ ಸುಮ್ಮನಿದ್ದವರೇ ಹೆಚ್ಚು.

ಇನ್ನು ಗುಂಪುಗಳ ವಿಚಾರ. ನಾವೆಲ್ಲ ‘ಹೆಲ್ತ್‌ನವರು ಬಂದಿದ್ದಾರೆ’ ಎನ್ನುತ್ತೇವೆ. ಯಾವ ಹೆಲ್ತ್‌ನವರು? ಸಾರ್ವಜನಿಕ ಆರೋಗ್ಯದ ಕಾನೂನು ಎಂಬ ಒಂದೇ ಪುಸ್ತಕ ಎಲ್ಲಿಯೂ ಇಲ್ಲ. ನಮ್ಮ ಸಂವಿಧಾನದಲ್ಲಿ ಸಾರ್ವಜನಿಕ ಆರೋಗ್ಯ ಮತ್ತು ನೈರ್ಮಲ್ಯ ರಾಜ್ಯದ ಪಟ್ಟಿಯಲ್ಲಿದೆ, ಆಹಾರ ಕಲಬೆರಕೆ ಕೇಂದ್ರ-ರಾಜ್ಯಗಳೆರಡಕ್ಕೂ ಸೇರಿದ ಪಟ್ಟಿಯಲ್ಲಿದೆ. ಹಾಗಾಗಿ ಆಹಾರದ ಸ್ಯಾಂಪಲ್ ತೆಗೆಯುವವರು ರಾಜ್ಯದ ಎಫ್‌ಡಿಎ ಅಧಿಕಾರಿಗಳು, ಕೇಂದ್ರದ ಕಾಯಿದೆಯಡಿ. ಮೋರಿ, ಕಸ, ನೀರಿನ ಟಾಂಕಿ ನೋಡುವವರು ಮಹಾನಗರ ಪಾಲಿಕೆಯವರು, ರಾಜ್ಯದ ಕಾಯಿದೆಯಡಿ. ಸಿಗರೇಟಿನ ಬೋರ್ಡು ಇಲ್ಲವೆಂದರೆ ಅದು 2003ರ ತಂಬಾಕು ಕಾಯಿದೆ. 30 ಆಸನ ಅಥವಾ ಹೆಚ್ಚು ಇದ್ದವರಿಗೆ ಮಾತ್ರ ಪ್ರತ್ಯೇಕ ಧೂಮಪಾನದ ಜಾಗಕ್ಕೆ ಅವಕಾಶವೆಂದು 2008ರ ನಿಯಮ ಹೇಳಿತು. ಪಾರ್ಸೆಲ್ ಚೀಲಕ್ಕೆ 5,000 ರೂಪಾಯಿ ದಂಡ ಹಾಕಿದರೆ ಅದು 2018ರ ಪ್ಲಾಸ್ಟಿಕ್ ಅಧಿಸೂಚನೆ, ಆಹಾರದ ಕಾಯಿದೆಯಲ್ಲ. ಒಬ್ಬರ ಅಧಿಕಾರ ಇನ್ನೊಬ್ಬರಿಗಿಲ್ಲ. ಆದರೆ ನಾವು ಎಲ್ಲರ ಮುಂದೆಯೂ ಒಂದೇ ರೀತಿ ಕೈಕಟ್ಟಿ ನಿಲ್ಲುತ್ತೇವೆ.

ನಮ್ಮ ಪರಿಸರದಲ್ಲಿ ಇನ್ನೊಂದು ತೊಡಕಿದೆ. ನಮ್ಮಲ್ಲಿ ಹಲವರು ಕೆಲಸ ಕಲಿತದ್ದು ಮುಂಬಯಿಯಲ್ಲಿ, ಸ್ವಂತ ಹೊಟೇಲು ಹಾಕಿದ್ದು ಥಾಣೆ, ಕಲ್ಯಾಣ, ವಾಶಿಯಲ್ಲಿ. ಮುಂಬಯಿ ಪಾಲಿಕೆಗೆ 1888ರ ತನ್ನದೇ ಕಾಯಿದೆ ಇದೆ, ಅಲ್ಲಿ ಹೊಟೇಲಿನವರ ಬಾಯಲ್ಲಿ 394ನೇ ಕಲಮು. 1982ರಲ್ಲಿ ಆದ ಥಾಣೆ, 1983ರಲ್ಲಿ ಆದ ಕಲ್ಯಾಣ-ಡೊಂಬಿವಲಿ, 1992ರಲ್ಲಿ ಆದ ನವಿ ಮುಂಬಯಿ ಪಾಲಿಕೆಗಳು 1949ರ ಕಾಯಿದೆಯಡಿ ಬರುತ್ತವೆ, ಇಲ್ಲಿ 376ನೇ ಕಲಮು. ನಾವು ‘ಬಿಪಿಎಂಸಿ’ ಎಂದು ಕರೆಯುತ್ತಿದ್ದ ಆ ಕಾಯಿದೆಯ ಹೆಸರು ಈಗ ಮಹಾರಾಷ್ಟ್ರ ಮಹಾನಗರ ಪಾಲಿಕೆ ಕಾಯಿದೆ ಎಂದಾಗಿದೆ. ಖಾರ್‌ಘರ್‌ನಲ್ಲಿ ಶಾಖೆ ತೆರೆದವರು ಪನ್ವೇಲ್ ಪಾಲಿಕೆಗೆ, ರಾಯಗಡ ಜಿಲ್ಲೆಗೆ ಸೇರುತ್ತಾರೆ. ನಮ್ಮ ಬಾಯಲ್ಲಿ ಅದೂ ನವಿ ಮುಂಬಯಿಯೇ. ವಾಶಿಯಲ್ಲಿ ಕೊಟ್ಟ ಅರ್ಜಿ ಅಲ್ಲಿ ನಡೆಯುವುದಿಲ್ಲ.

ನಮ್ಮ ಭಾಷೆಯೂ ಕೆಲವೊಮ್ಮೆ ನಮ್ಮನ್ನು ತಪ್ಪು ದಾರಿಗೆ ಎಳೆಯುತ್ತದೆ. ನಾವು ನಾಲ್ಕು ಟೇಬಲಿನ ಇಡ್ಲಿ-ವಡೆಯ ಜಾಗಕ್ಕೂ ‘ಹೊಟೇಲು’ ಎನ್ನುತ್ತೇವೆ. ಗುಮಾಸ್ತಾ ಲೈಸನ್ಸಿನ 1948ರ ಹಳೆಯ ಕಾಯಿದೆಯಲ್ಲಿ ರೆಸ್ಟೋರೆಂಟ್ ಅಥವಾ ಈಟಿಂಗ್ ಹೌಸ್ ಬೇರೆ, ಉಳಿದುಕೊಳ್ಳುವ ಹೊಟೇಲು ಬೇರೆ ಎಂದಿತ್ತು. 2017ರಲ್ಲಿ ಅದರ ಜಾಗಕ್ಕೆ ಹೊಸ ಕಾಯಿದೆ ಬಂದರೂ ನಮ್ಮ ಮಾತು ಬದಲಾಗಿಲ್ಲ. ಫುಡ್ ಲೈಸನ್ಸಿನ ಅರ್ಜಿಯಲ್ಲೂ ರೆಸ್ಟೋರೆಂಟ್ ಬೇರೆ, ಕೇಟರರ್ ಬೇರೆ. ಮದುವೆ, ಮುಂಜಿಗೆ ಹೊರಗೆ ಅಡುಗೆ ಒಯ್ಯುವವರು ಕೇಟರರ್ ಎಂದು ನಮೂದಿಸದೆ ಬಿಟ್ಟರೆ, ಒಳಗಿನ ವ್ಯವಹಾರಕ್ಕೆ ಲೈಸನ್ಸ್ ಇದ್ದೂ ಹೊರಗಿನದಕ್ಕೆ ಇಲ್ಲದಂತಾಗುತ್ತದೆ. ಏಜೆಂಟನ ಕೈಗೆ ಸಹಿ ಮಾಡಿದ ಖಾಲಿ ಫಾರಂ ಕೊಡುವ ಮುನ್ನ ಇದನ್ನು ಯೋಚಿಸಬೇಕು.

ಹೆಸರಿನಿಂದ ಎಂಥ ವ್ಯತ್ಯಾಸ ಆಗಬಹುದು ಎಂಬುದನ್ನು 2021 ನಮಗೆ ಕಲಿಸಿತು. ಆ ವರ್ಷದ ಏಪ್ರಿಲ್ 13ರ ರಾಜ್ಯ ಸರಕಾರದ ಆದೇಶದಲ್ಲಿ ಅಗತ್ಯ ಸೇವೆಗಳ ಪಟ್ಟಿಯಲ್ಲಿ ದಿನಸಿ, ತರಕಾರಿ, ಡೇರಿ, ಬೇಕರಿ, ಮಿಠಾಯಿ ಅಂಗಡಿಗಳ ಜೊತೆ ‘ಎಲ್ಲ ಬಗೆಯ ಆಹಾರದ ಅಂಗಡಿಗಳು’ ಎಂದಿತ್ತು. ರೆಸ್ಟೋರೆಂಟುಗಳಿಗೆ ಬೇರೆಯೇ ಕಲಮು, ಬರೇ ಪಾರ್ಸೆಲ್ ಮತ್ತು ಮನೆಗೆ ತಲುಪಿಸುವುದು. ಅದೇ ವರ್ಷ ಜೂನ್ 4ರ ಆದೇಶ ಐದು ಹಂತಗಳನ್ನು ಮಾಡಿ ಥಾಣೆ, ನವಿ ಮುಂಬಯಿ, ಕಲ್ಯಾಣ-ಡೊಂಬಿವಲಿ ಪಾಲಿಕೆಗಳನ್ನು ಪ್ರತ್ಯೇಕ ಘಟಕಗಳೆಂದು ಎಣಿಸಿತು. ಎರಡನೇ ಹಂತದಲ್ಲಿ ಅರ್ಧ ಆಸನ, ಮೂರನೇ ಹಂತದಲ್ಲಿ ಅರ್ಧ ಆಸನ ಸಂಜೆ 4ರವರೆಗೆ ಮಾತ್ರ, ಅದೂ ವಾರದ ದಿನಗಳಲ್ಲಿ. ಅದೇ ಹಿಟ್ಟು, ಅದೇ ಇಡ್ಲಿ. ಪಾಲಿಕೆಯ ಗಡಿ ದಾಟಿದರೆ ನಿಯಮ ಬೇರೆಯಾಗಬಹುದಿತ್ತು. ಈ ಆದೇಶಗಳ ಬೇರು 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯಲ್ಲಿದೆ. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂದಾಗ ಅವಸರದಲ್ಲಿ ಮಾಡಿದ ನಾಲ್ಕು ಕಲಮುಗಳ ಕಾಯಿದೆ ಅದು. ಚಿಕ್ಕ ಕಾಯಿದೆಯಾದಷ್ಟು ಅರ್ಥ ಮಾಡುವವರ ಅಧಿಕಾರ ದೊಡ್ಡದಾಗುತ್ತದೆ ಎಂಬುದನ್ನು ನಾವು ಕಣ್ಣಾರೆ ಕಂಡೆವು.

ಅರ್ಥ ಮಾಡುವುದರಲ್ಲಿ ಕೋರ್ಟುಗಳಿಗೂ ಸುಲಭವಿಲ್ಲ. ಗುಟ್ಕಾವನ್ನೇ ನೋಡಿ. 2002ರಲ್ಲಿ ಮಹಾರಾಷ್ಟ್ರ ಸರಕಾರ ಹಳೆಯ ಕಲಬೆರಕೆ ಕಾಯಿದೆಯಡಿ ನಿಷೇಧಿಸಿತು, 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. 2011ರ ನಿಯಮ ಯಾವ ಆಹಾರದಲ್ಲೂ ತಂಬಾಕು, ನಿಕೋಟಿನ್ ಇರಕೂಡದೆಂದಿತು. ಗುಟ್ಕಾ ಆಹಾರವೆಂದಾದ ಮೇಲೆ 2012ರಲ್ಲಿ ಹೊಸ ಕಾಯಿದೆಯಡಿ ಮತ್ತೆ ನಿಷೇಧ ಬಂತು. ಬಾಗಿಲ ಬಳಿ ಪಾನ್ ಅಂಗಡಿಗೆ ಜಾಗ ಕೊಟ್ಟವರು ಇದನ್ನು ಮರೆಯಬಾರದು. ನಮಗೆ ಸಮಾಧಾನ ಕೊಡುವ ತೀರ್ಪು 2024ರ ಫೆಬ್ರವರಿ 21ರದ್ದು. ರಾಮನಾಥ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 59ನೇ ಕಲಮು ಅನ್ವಯಿಸುವಲ್ಲಿ ದಂಡ ಸಂಹಿತೆಯ 272 ಮತ್ತು 273ನೇ ಕಲಮುಗಳಡಿಯೂ ಕೇಸು ನಡೆಸುವಂತಿಲ್ಲ, ಆಹಾರ ಸುರಕ್ಷಾ ಕಾಯಿದೆಯೇ ಮೇಲು ಎಂದಿತು. 2024ರ ಜುಲೈ 1ರಿಂದ ಆ ಕಲಮುಗಳು ಹೊಸ ನ್ಯಾಯ ಸಂಹಿತೆಯಲ್ಲಿ 274 ಮತ್ತು 275 ಆಗಿವೆ. ಇಲ್ಲೂ ಸಂಖ್ಯೆ ಬದಲಾದದ್ದನ್ನು ಗಮನಿಸಿ.

ಇಷ್ಟೆಲ್ಲ ಹೇಳಿದ್ದು ಕಾನೂನಿನಿಂದ ನುಣುಚಿಕೊಳ್ಳುವ ಉಪಾಯ ಕಲಿಸಲು ಅಲ್ಲ. ಹಾಗೆ ತಿಳಿದವರು ತಪ್ಪು ತಿಳಿದಂತೆ. ಹೆಸರು ಸರಿಯಾಗಿರಬೇಕೆಂದು ನಾವು ಅಧಿಕಾರಿಗಳನ್ನು ಕೇಳುವಾಗ ನಮ್ಮ ಮೆನು ಕಾರ್ಡಿನ ಹೆಸರೂ ಸರಿಯಾಗಿರಬೇಕು. ವನಸ್ಪತಿ ಕೊಬ್ಬಿನ ಫ್ರೋಜನ್ ಡೆಸರ್ಟ್ ತರಿಸಿ ಐಸ್‌ಕ್ರೀಂ ಎಂದು ಬರೆಯುವುದು, ಎಣ್ಣೆಯಿಂದ ಮಾಡಿದ್ದನ್ನು ಪನೀರ್ ಎನ್ನುವುದು, ಡಾಲ್ಡಾ ಹಾಕಿ ತುಪ್ಪದ ದೋಸೆ ಎನ್ನುವುದು ಗಿರಾಕಿಗೆ ಮಾಡುವ ಮೋಸ. ಕರಿದ ಎಣ್ಣೆಯಲ್ಲಿ ಟೋಟಲ್ ಪೋಲಾರ್ ಕಾಂಪೌಂಡ್ 25 ಶೇಕಡಾ ಮೀರಬಾರದೆಂಬ ನಿಯಮ 2018ರ ಜುಲೈ 1ರಿಂದ ಇದೆ. ಕಪ್ಪಾದ ಎಣ್ಣೆಯಲ್ಲಿ ಮರುದಿನವೂ ವಡೆ ಕರಿದರೆ ಅದಕ್ಕೆ ಯಾವ ವ್ಯಾಖ್ಯೆಯೂ ಬೇಡ, ತಿಂದವನ ಹೊಟ್ಟೆಗೆ ಗೊತ್ತಾಗುತ್ತದೆ. ಊರಿನಿಂದ ಬಂದ ಹುಡುಗರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಮಾಡಿಸುವುದು ನಿಯಮವೂ ಹೌದು, ನಮ್ಮ ಧರ್ಮವೂ ಹೌದು.

ಅಧಿಕಾರಿಗಳಲ್ಲಿ ನಮ್ಮ ವಿನಂತಿ ಇಷ್ಟೇ. ನೋಟೀಸಿನಲ್ಲಿ ಕಾಯಿದೆಯ ಹೆಸರು, ಕಲಮು, ಕಂಡ ದೋಷ ಮೂರನ್ನೂ ಸ್ಪಷ್ಟವಾಗಿ ಬರೆಯಿರಿ. ತಿದ್ದಿಕೊಳ್ಳಬಹುದಾದ ದೋಷವಿದ್ದರೆ 32ನೇ ಕಲಮಿನ ಸುಧಾರಣಾ ನೋಟೀಸು ಕೊಡಿ. ಅದರಲ್ಲಿ ಕನಿಷ್ಠ 14 ದಿನಗಳ ಅವಧಿ ಕಾಯಿದೆಯೇ ಕೊಟ್ಟಿದೆ. ಪರೀಕ್ಷೆಯ ವರದಿ ಸಬ್‌ಸ್ಟ್ಯಾಂಡರ್ಡ್ ಎಂದಿರುವಾಗ ಪತ್ರಿಕೆಯವರಿಗೆ ಕಲಬೆರಕೆ ಎಂದು ಹೇಳಬೇಡಿ. ಒಬ್ಬನ ಮೂವತ್ತು ವರ್ಷದ ಹೆಸರು ಆ ಒಂದು ಶಬ್ದದಲ್ಲಿ ಹೋಗುತ್ತದೆ.

ಸದಸ್ಯ ಬಾಂಧವರಲ್ಲಿಯೂ ವಿನಂತಿ ಇದೆ. ಗಲ್ಲಾದ ಕೆಳಗೆ ಒಂದು ಫೈಲು ಇಡಿ. ಫುಡ್ ಲೈಸನ್ಸ್, ಪಾಲಿಕೆಯ ಲೈಸನ್ಸ್, ಗುಮಾಸ್ತಾ, ಹುಡುಗರ ವೈದ್ಯಕೀಯ ಸರ್ಟಿಫಿಕೇಟು, ನೀರಿನ ಪರೀಕ್ಷೆಯ ವರದಿ, ಹಾಲು-ಮೊಸರು-ಎಣ್ಣೆಯ ಬಿಲ್ಲುಗಳು ಅದರಲ್ಲಿರಲಿ. ಬಿಲ್ ಕೊಡದ ಡೇರಿಯವನಿಂದ ನಾಳೆಯಿಂದ ಮೊಸರು ತರಿಸಬೇಡಿ. ಯಾವ ಕಾಗದ ಬಂದರೂ ಬಂದ ತಾರೀಖನ್ನು ಅದರ ಮೇಲೆಯೇ ಬರೆದು ಅದೇ ವಾರ ಸಂಘಕ್ಕೆ ತನ್ನಿ. ನಾಚಿಕೆಪಟ್ಟು ಒಳಗಿಡಬೇಡಿ. ಓದಿದ ಮಕ್ಕಳು ಮನೆಯಲ್ಲಿದ್ದರೆ ಅವರಿಂದಲೇ ಓದಿಸಿ. ಮುಂದೆ ಗಲ್ಲಾದಲ್ಲಿ ಕುಳಿತುಕೊಳ್ಳುವವರು ಅವರೇ ತಾನೇ?

ನಾವು ಈ ಊರುಗಳಿಗೆ ಬಂದದ್ದು ಅನ್ನ ಬಡಿಸಲು. ಬಡಿಸಿದ ಅನ್ನಕ್ಕೂ ಬಡಿಸಿದವನಿಗೂ ಸರಿಯಾದ ಹೆಸರು ಉಳಿಯಬೇಕು. ಅದನ್ನು ಉಳಿಸಿಕೊಳ್ಳುವ ಕೆಲಸ ಅರ್ಧ ಅಡುಗೆಮನೆಯಲ್ಲಿದೆ, ಇನ್ನರ್ಧ ಆ ಫೈಲಿನಲ್ಲಿದೆ.