ಬೋರ್ ಪಾಯಿಂಟ್ ತೋರಿಸಿದವರು ಕಾಗದ ಕೊಟ್ಟರಾ?

ನಮ್ಮ ಕಡೆ ಬೋರ್ ಹೊಡೆಸುವ ಮುಂಚೆ ಪಾಯಿಂಟ್ ನೋಡಿಸುವುದು ರೂಢಿ. ಒಬ್ಬರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುತ್ತಾರೆ, ಕಾಯಿ ಎದ್ದು ನಿಂತಲ್ಲಿ ನೀರು ಅನ್ನುತ್ತಾರೆ. ಇನ್ನೊಬ್ಬರು ಮಷಿನ್ ತರುತ್ತಾರೆ, ಸಲಾಕೆ ನೆಡುತ್ತಾರೆ, ವೈರ್ ಎಳೆಯುತ್ತಾರೆ. ಕೊನೆಗೆ ಇಬ್ಬರೂ ಒಂದು ಕಲ್ಲಿಟ್ಟು, ರೊಕ್ಕ ಎಣಿಸಿಕೊಂಡು ಹೋಗುತ್ತಾರೆ. ರೈತನಿಗೆ ಉಳಿಯುವುದು ಆ ಕಲ್ಲು.

ನನ್ನ ತಕರಾರು ಮಷಿನ್ ಮೇಲಲ್ಲ. ಅದು ಅಳೆದ ಲೆಕ್ಕ ಹೊಲದ ಮಾಲೀಕನ ಕೈಗೆ ಬರುವುದಿಲ್ಲವಲ್ಲ, ಅದರ ಮೇಲೆ.

ಈ ರೆಸಿಸ್ಟಿವಿಟಿ ಸರ್ವೆ ಹೊಸದೇನಲ್ಲ. ಫ್ರಾನ್ಸಿನ ಕಾನ್ರಾಡ್ ಶ್ಲಂಬರ್ಜರ್ 1912ರಲ್ಲೇ ಇದರ ಪ್ರಯೋಗ ಮಾಡಿದ್ದರು. ನೆಲಕ್ಕೆ ನಾಲ್ಕು ಸಲಾಕೆ ನೆಡುತ್ತಾರೆ. ಹೊರಗಿನ ಎರಡರಿಂದ ಕರೆಂಟ್ ಬಿಟ್ಟು, ಒಳಗಿನ ಎರಡರಲ್ಲಿ ವೋಲ್ಟೇಜ್ ಅಳೆಯುತ್ತಾರೆ. ಗಟ್ಟಿ ಒಣಕಲ್ಲು ಕರೆಂಟಿಗೆ ಅಡ್ಡ ನಿಲ್ಲುತ್ತದೆ, ನೀರು ಕುಡಿದ ಪದರ ದಾರಿ ಬಿಡುತ್ತದೆ. ಹೊರಗಿನ ಸಲಾಕೆಗಳನ್ನು ದೂರ ದೂರ ಸರಿಸಿದಷ್ಟೂ ಇನ್ನೂ ಆಳದ ಸುದ್ದಿ ಸಿಗುತ್ತದೆ. ಮಷಿನ್ ಹೇಳುವುದು ಇಷ್ಟೇ: ಎಷ್ಟು ಆಳದಲ್ಲಿ ಎಷ್ಟು ಅಡ್ಡಿ. ಅಲ್ಲಿ ನೀರಿದೆಯೋ ಇಲ್ಲವೋ ಎನ್ನುವುದು ಅದನ್ನು ಓದುವವರ ತೀರ್ಮಾನ.

ಆ ತೀರ್ಮಾನ ನಮ್ಮ ಜಿಲ್ಲೆಯಲ್ಲಿ ಸುಲಭವಲ್ಲ. ಭಾಲ್ಕಿ, ಔರಾದ್ ಹೊಲಗಳ ಕೆಳಗಿರುವುದು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾ, ನಾವು ಕರಿಕಲ್ಲು ಅನ್ನುವುದು. ಹಾಸಿನ ಮೇಲೆ ಹಾಸು ಬಿದ್ದಿದೆ. ಬಿರುಕುಬಿಟ್ಟು ನೀರು ಹಿಡಿದ ಹಾಸು ಸಾಮಾನ್ಯವಾಗಿ 20ರಿಂದ 70 ಓಮ್-ಮೀಟರ್ ತೋರಿಸಬಹುದು, ಬಿರುಕಿಲ್ಲದ ಗಟ್ಟಿ ಕಲ್ಲು ನೂರು ದಾಟುತ್ತದೆ. ಹಸಿ ಎರೆಮಣ್ಣು ಹತ್ತರ ಆಸುಪಾಸು. ಎರಡು ಹಾಸುಗಳ ನಡುವೆ ಅಲ್ಲಲ್ಲಿ ಕೆಂಪು ಜೇಡಿಯ ಪದರ ಇರುತ್ತದೆ. ಅದೂ ಕರೆಂಟಿಗೆ ದಾರಿ ಬಿಡುತ್ತದೆ, ನೀರು ಮಾತ್ರ ಬಿಡುವುದಿಲ್ಲ. ಮೇಲಾಗಿ ಬೋರ್ ಒಳಗೆ ಕುಸಿಯುತ್ತದೆ. ಅಡ್ಡಿ ಕಡಿಮೆ ಬಂದ ಕಡೆಯೆಲ್ಲಾ ನೀರು ಅಂದವರು ಇಲ್ಲಿ ಮೋಸ ಹೋಗುತ್ತಾರೆ, ಜೊತೆಗೆ ನಮ್ಮನ್ನೂ ಕರೆದುಕೊಂಡು ಹೋಗುತ್ತಾರೆ.

ಕಾಗದ ಬೇಕಾಗುವುದು ರಾತ್ರಿ ಲಾರಿ ಸದ್ದಿನ ನಡುವೆ. 300 ಅಡಿ ಇಳಿದಿದೆ, ಬರೀ ಧೂಳು. "ಇನ್ನೂ ನೂರಡಿ ಇಳಿಸೋಣ ಅಣ್ಣಾ, ಸಿಗಬಹುದು" ಅನ್ನುತ್ತಾರೆ. ಬಿಲ್ ಅಡಿ ಲೆಕ್ಕದಲ್ಲಿ. ಇಷ್ಟು ಆಳದ ನಂತರ ಗಟ್ಟಿ ಕಲ್ಲೇ ಎಂದು ಬರೆದ ಹಾಳೆ ಕೈಯಲ್ಲಿದ್ದರೆ ರೈತ ಸಾಕು ಅನ್ನಬಹುದು. ಇಲ್ಲದಿದ್ದರೆ ಆಸೆ ಗೆಲ್ಲುತ್ತದೆ, ತೊಗರಿ ಮಾರಿದ ದುಡ್ಡು ಧೂಳಿನ ಜೊತೆ ಹಾರುತ್ತದೆ. ಆಳಕ್ಕೆ ಹೋದಷ್ಟೂ ನೀರು ಎಂಬ ನಂಬಿಕೆ ಕರಿಕಲ್ಲಿನಲ್ಲಿ ನಡೆಯುವುದಿಲ್ಲ, ಅಲ್ಲಿ ಆಳ ಹೆಚ್ಚಿದಂತೆ ಸಾಮಾನ್ಯವಾಗಿ ಬಿರುಕುಗಳೇ ಕಡಿಮೆ. ಗಡಿಯಾಚೆ ಕಿಲ್ಲಾರಿಯಲ್ಲಿ 1993ರ ಭೂಕಂಪದ ನಂತರ ವಿಜ್ಞಾನಿಗಳು ಕೊರೆದು ನೋಡಿದಾಗ ಕರಿಕಲ್ಲು ಮುಗಿದದ್ದು 338 ಮೀಟರಿಗೆ. ಅಂದರೆ 1,100 ಅಡಿ.

ಸರ್ವೆ ಸರಿಯಾಗಿ ಆಯಿತೇ ಎಂದು ನೀವೇ ನೋಡಬಹುದು. ಎಷ್ಟು ಆಳದ ಮಾತಾಡುತ್ತಾರೋ, ಹೊರಗಿನ ಎರಡು ಸಲಾಕೆಗಳ ನಡುವೆ ಅದರ ನಾಲ್ಕು ಪಟ್ಟಾದರೂ ದೂರ ಇರಬೇಕು. 500 ಅಡಿ ಕೆಳಗಿನ ಮಾತಾದರೆ ವೈರ್ 2,000 ಅಡಿ ಹರಡಬೇಕು. ಎರಡು ಎಕರೆ ಹೊಲ ಚೌಕಾಕಾರವಿದ್ದರೆ ಒಂದು ಬದಿ 300 ಅಡಿಯೂ ಇರುವುದಿಲ್ಲ. ಹಾಗಾಗಿ ಪಕ್ಕದವರ ಬದು ದಾಟಲೇಬೇಕು, ಅವರೊಂದಿಗೆ ಮಾತು ಬಿಟ್ಟಿದ್ದರೆ ಈಗಲೇ ಮಾತಾಡಿಸಿ. ತೊಗರಿ ರಾಶಿ ಮುಗಿದು ಹೊಲ ಖಾಲಿ ಇರುವಾಗ ಮಾಡಿಸುವುದು ಒಳ್ಳೆಯದು. ಒಣ ನೆಲಕ್ಕೆ ಸಲಾಕೆ ಬುಡದಲ್ಲಿ ಉಪ್ಪುನೀರು ಹಾಕುತ್ತಾರೆ, ಅದು ಮಾಟವಲ್ಲ, ಕರೆಂಟ್ ಸರಿಯಾಗಿ ನೆಲಕ್ಕಿಳಿಯಲಿ ಅಂತ. ತಂತಿಬೇಲಿ, ಕಬ್ಬಿಣದ ಪೈಪ್ ಹತ್ತಿರವಿದ್ದರೆ ಲೆಕ್ಕ ಕೆಡುತ್ತದೆ. ಹತ್ತು ನಿಮಿಷದಲ್ಲಿ ಮುಗಿಸಿ ಮೊಬೈಲಿನಲ್ಲಿ ಬಣ್ಣದ ಚಿತ್ರ ತೋರಿಸುವ ಉಪಕರಣಗಳೂ ಬಂದಿವೆ. ಅವುಗಳಲ್ಲಿ ಹಲವು ಭೂಮಿಯ ಸಹಜ ವಿದ್ಯುತ್ತನ್ನು ಅಳೆಯುವ ಬೇರೆ ವಿಧಾನದವು. ನೀಲಿ ಬಣ್ಣ ಕಂಡರೆ ನೀರು ಅಂದುಕೊಳ್ಳಬೇಡಿ.

ಬೀದರ್ ಪಟ್ಟಣದ ಕಥೆ ಬೇರೆ. ಊರು ನಿಂತಿರುವುದು ಜಂಬಿಟ್ಟಿಗೆಯ ಕೆಂಪು ಕಲ್ಲಿನ ಮೇಲೆ. ಮಳೆನೀರು ಅದರೊಳಗೆ ಇಳಿದು, ಕೆಳಗಿನ ಜೇಡಿ ಮತ್ತು ಕರಿಕಲ್ಲಿನ ಮೇಲೆ ನಿಂತು, ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ನಾನಕ್ ಝೀರಾ ಅಂಥದ್ದೇ. 15ನೇ ಶತಮಾನದಲ್ಲಿ ಬಹಮನಿಗಳ ಕಾಲದವರು ಇದೇ ಕೆಂಪು ಕಲ್ಲು ಕೊರೆದು ನೌಬಾದ್ ಕರೇಜ್ ಮಾಡಿದರು: ಎರಡು ಕಿಲೋಮೀಟರಿಗೂ ಉದ್ದದ ಸುರಂಗ, ಮೇಲಿನಿಂದ ಇಳಿಯುವ ಸಾಲು ಬಾವಿಗಳು. ಕೆಲವು ಬಾವಿಗಳು ಕಸ, ಮಣ್ಣು ತುಂಬಿ ಮುಚ್ಚಿಹೋಗಿದ್ದವು. ಈಗ ಆ ಸುತ್ತ ಲೇಔಟ್‌ಗಳು, ಬೋರ್‌ಗಳು.

ಸುರಂಗದ ಮೇಲೆ ರಿಗ್ ನಿಲ್ಲಿಸಿದರೆ ಕುಸಿತದ ಭಯ. ಪಕ್ಕದಲ್ಲಿ ಬೋರ್ ಕೊರೆದು ಎಳೆದರೆ ಸುರಂಗಕ್ಕೆ ಬರುವ ನೀರೇ ಇಳಿಯಬಹುದು. ಇಲ್ಲಿ ಒಂದು ಪಾಯಿಂಟ್ ನೋಡಿದರೆ ಸಾಲದು, ಸಾಲಾಗಿ ಹತ್ತಾರು ಸಲಾಕೆ ನೆಟ್ಟು ನೆಲದ ಸೀಳುಚಿತ್ರ ತೆಗೆಯಬೇಕು. ಅದಕ್ಕೂ ಮಿತಿ ಇದೆ. ಗಾಳಿ ತುಂಬಿದ ಟೊಳ್ಳು ಗಟ್ಟಿ ಕಲ್ಲಿನಂತೆಯೇ ಹೆಚ್ಚು ಅಡ್ಡಿ ತೋರಿಸುತ್ತದೆ, ಸಣ್ಣ ಸುರಂಗ ಆಳದಲ್ಲಿದ್ದರೆ ಕಾಣದೆಯೂ ಹೋಗುತ್ತದೆ. ಅದಕ್ಕೇ ಬಾವಿಗಳ ಜಾಗ ಗುರುತಿಸಿದ ನಕ್ಷೆ ಜೊತೆಗಿರಬೇಕು. ಇವೆರಡೂ ಇಲ್ಲದೆ ಕರೇಜ್ ಸಾಲಿನಲ್ಲಿ ಬೋರ್‌ಗೆ, ದೊಡ್ಡ ಕಟ್ಟಡಕ್ಕೆ ಪರವಾನಗಿ ಕೊಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಳ್ಳಿಗಳಲ್ಲಿ ಕೆಲಸ ಇನ್ನೂ ಸರಳ. ಗಂಗಾ ಕಲ್ಯಾಣ ಬೋರ್‌ಗಳಿಗೆ ಹೋಗುವುದು ಸರ್ಕಾರದ ದುಡ್ಡು. ಅವುಗಳ ಸರ್ವೆ ಹಾಳೆ, ಕೊರೆದಾಗ ಯಾವ ಆಳಕ್ಕೆ ಯಾವ ಕಲ್ಲು ಬಂತು, ನೀರು ಎಷ್ಟು, ಇಷ್ಟನ್ನು ಗ್ರಾಮ ಪಂಚಾಯಿತಿ ಸರ್ವೆ ನಂಬರ್ ಹಾಕಿ ಒಂದು ರಿಜಿಸ್ಟರಿನಲ್ಲಿ ಬರೆಯಲಿ. ಫೇಲ್ ಆದವನ್ನು ಮೊದಲು ಬರೆಯಲಿ. ಫೇಲ್ ಆದ ಬೋರ್ ನಾಚಿಕೆಯೆಂದು ಯಾರೂ ಹೇಳಿಕೊಳ್ಳುವುದಿಲ್ಲ, ಆದರೆ ಪಕ್ಕದ ಹೊಲದವನಿಗೆ ಅದರಷ್ಟು ಉಪಯೋಗದ ಸುದ್ದಿ ಬೇರೆ ಇಲ್ಲ. ಬಾಯಿ ಮುಚ್ಚಿದ್ದಾರಾ ಎಂದೂ ಅಲ್ಲೇ ಒಂದು ಕಾಲಂ ಇರಲಿ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬೋರಿಗೆ ಬಿದ್ದ ಮಗು ಬದುಕಿ ಬಂತು, ಹಾಗೆ ಬಾರದ ಮಕ್ಕಳು ನಮ್ಮ ರಾಜ್ಯದಲ್ಲೇ ಇದ್ದಾರೆ.

ಖಾಸಗಿಯವರಿಂದ ನೋಡಿಸುವವರು ರೊಕ್ಕ ಕೊಡುವ ಮುಂಚೆ ಇದನ್ನು ಕೇಳಿ: ಸಲಾಕೆ ಎಷ್ಟು ದೂರ ಸರಿಸಿದಾಗ ಎಷ್ಟು ಬಂತು ಎಂಬ ಪಟ್ಟಿ, ಅದರ ಗ್ರಾಫ್, ಯಾವ ಆಳದಲ್ಲಿ ನಿಲ್ಲಿಸಬೇಕು ಎಂಬ ಒಂದು ಸಾಲು, ಕೆಳಗೆ ಸಹಿ. ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡರೂ ಸಾಕು. ಸಹಿ ಹಾಕಲು ಹಿಂದೇಟು ಹಾಕಿದರೆ ಲಾರಿ ಕರೆಸಬೇಡಿ.